ಸುಣ್ಣ ಬೆಲ್ಲ ಮೆತ್ತಿದ ಗೆಡ್ಡೆ

ಮೂಗೂರಿನ ನಮ್ಮ ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ನಡೆಯುವಾಗ ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿತು. ಕಿತ್ತೆಸೆದು ಮರೆತೆ. ನಾಲ್ಕನೇ ದಿನ ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆ ಎದ್ದು, ಜ್ವರ ಬಂತು. ಅತ್ತೆ ಸುಣ್ಣ ಬೆಲ್ಲ ಕಲಸಿ ಅದಕ್ಕೆ ಮೆತ್ತಿದರು.

"ಇದು ಕರಗುದ್ರೆ ಜ್ವರ ತಾನಾಗೇ ಓಯ್ತದೆ ಕಣವ್ವ," ಅಂದರು.

ಚರ್ಮ ಸುಟ್ಟು ಬೊಕ್ಕೆ ಎದ್ದರೂ ಎರಡು ದಿನ ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಕಾಲಿನ ಕಡೆ ನಾವಿಬ್ಬರೂ ತಿರುಗಿ ನೋಡಲಿಲ್ಲ.

ಜ್ವರ ಇಳಿಯದೆ ಮೂರನೇ ದಿನ ಆಸ್ಪತ್ರೆಗೆ ಹೋದಾಗ, ನರಸೀಪುರದ ಡಾಕ್ಟರಮ್ಮ ಗೆಡ್ಡೆಯನ್ನು ಒಮ್ಮೆ ಮುಟ್ಟಿ, ನೇರವಾಗಿ ನನ್ನ ಪಾದ ಎತ್ತಿ ನೋಡಿದರು. ಒತ್ತಿದಾಗ ಅಂಗಾಲಿನಿಂದ ಕೀವಿನ ಜೊತೆ ಮುರಿದ ಮುಳ್ಳಿನ ಮೊನೆ ಹೊರಬಂತು.

"ತೂಬಿನ ಜಾಲರಿ ಕಾಲುವೆ ಕಸವನ್ನ ಗದ್ದೆಗೆ ಬಿಡಲ್ಲ ಅಲ್ವಾ? ಈ ಗೆಡ್ಡೆನೂ ಹಂಗೆ. ಕಾಲಿನ ನಂಜನ್ನ ಮೇಲಕ್ಕೆ ಬಿಡದೆ ಹಿಡ್ಕೊಂಡಿದೆ. ನೀವು ಅದನ್ನೇ ಸುಟ್ಟಿದ್ದೀರಿ," ಎಂದರು. ಚೀಟಿ ಬರೆಯುತ್ತಾ, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ತೊಡೆಯ ಸಂದಿಯಲ್ಲೂ ಇದ್ದು ರೋಗವನ್ನು ತಡೆಯುವ ದುಗ್ಧರಸ ಗ್ರಂಥಿಗಳ ಚಿತ್ರವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನೇ.

"ಮನೇಲೇ ಇರ್ತೀನಿ ಮೇಡಂ," ಎಂದೆ.