ಮೀನಿನ ಜಾಗ ಹೇಳುವ ಸಂಗನಬಸಪ್ಪ

೧೯೭೮ರ ಏಪ್ರಿಲ್, ಬೆಳಗಿನ ಐದೂವರೆ. ಡೆಟ್ರಾಯಿಟ್ ಪಕ್ಕದ ಪ್ಲಿಮತ್‌ನಿಂದ ಇಪ್ಪತ್ತು ಮೈಲಿ ದೂರದ ಕೆರೆಯಲ್ಲಿ ಸಂಗನಬಸಪ್ಪ ದೋಣಿಯಂಚಿಗೆ ಬಾಗಿ ನೀರಿಗೆ ದಾರ ಇಳಿಸುತ್ತಿದ್ದಾರೆ. ದಾರದ ತುದಿಗೆ ಗಾಳವಿಲ್ಲ, ಥರ್ಮಾಮೀಟರ್ ಇದೆ. ಹನ್ನೆರಡು ಅಡಿ ಇಳಿಸಿ, ನೂರರವರೆಗೆ ಎಣಿಸಿ, ಸರಕ್ಕನೆ ಎಳೆದು ಟಾರ್ಚ್ ಬೆಳಕಿನಲ್ಲಿ ಫ್ಯಾರನ್‌ಹೀಟ್ ಅಂಕಿ ನೋಡುತ್ತಾರೆ.

"ನಲವತ್ತೊಂಬತ್ತು. ನಿನ್ನೆ ನಲವತ್ತಾರಿತ್ರೀ. ಇವತ್ತು ಬರ್ತಾವ."

ಬರುವುದು ಕ್ರಾಪಿ ಮೀನು. ಅಂಗೈಯಗಲ, ಬೆಳ್ಳಿ ಮೈಯ ಮೇಲೆ ಕರಿ ಚುಕ್ಕೆ. ಈ ಕೆರೆ ನಡುವೆ ಎಂಬತ್ತು ಅಡಿ ಆಳ. ಚಳಿಗಾಲವಿಡೀ ಮೀನು ಅಲ್ಲಿಯೇ ಅಡಗಿರುತ್ತದೆ. ಏಪ್ರಿಲ್‌ನಲ್ಲಿ ಮಂಜುಗಡ್ಡೆ ಕರಗಿದ ಮೇಲೆ ಬೆಚ್ಚಗಿನ ನೀರು ಹುಡುಕುತ್ತ ಹಿಂಡುಹಿಂಡಾಗಿ ದಡದತ್ತ ಬರುತ್ತದೆ. ಇವತ್ತಿದ್ದ ಕಡೆ ನಾಳೆ ಇರುವುದಿಲ್ಲ. ಆ ದಿನದ ಜಾಗ ಪತ್ತೆ ಮಾಡಿ, ಆರು ಗಂಟೆಗೆ ಬರುವ ಗಿರಾಕಿಗಳಿಗೆ ಹೇಳುವುದು ಸಂಗನಬಸಪ್ಪನವರ ಕೆಲಸ. ಹದಿನಾಲ್ಕು ಬಾಡಿಗೆ ದೋಣಿಗಳ ನೀರು ಎತ್ತಿ ಚೆಲ್ಲುವುದು, ಗಾಳಕ್ಕೆ ಸಿಕ್ಕಿಸುವ ಮರಿಮೀನು ಎಣಿಸಿ ಕೊಡುವುದೂ ಅವರದೇ. ಶನಿವಾರವಾದರೆ ಎಂಬತ್ತು ಡಜನ್. ತಣ್ಣೀರಿಗೆ ಬೆರಳ ತುದಿಗಳು ಒಡೆದಿವೆ. ಅವರು ಮಾತ್ರ ಮೀನು ತಿನ್ನುವವರಲ್ಲ.

"ಮನೀಗೆ ಹೋದ್ರ ಮಲ್ಲಮ್ಮ ಮೊದ್ಲು ಸ್ನಾನಕ್ಕ ಕಳಸ್ತಾಳ. ಆಮ್ಯಾಲೆ ಮಾತು," ಎಂದು ಹೆಂಡತಿಯ ಕಟ್ಟುನಿಟ್ಟು ಹೇಳಿ ನಗುತ್ತಾರೆ.

ಬಾಗಲಕೋಟೆ ಕಡೆಯ ಈ ನಲವತ್ತಾರರ ಮನುಷ್ಯ ಇಲ್ಲಿಗೆ ಬಂದದ್ದು ೧೯೬೯ರಲ್ಲಿ, ಕಾರಿನ ಬಿಡಿಭಾಗದ ಕಂಪನಿಯೊಂದರಲ್ಲಿ ನಕ್ಷೆ ಬರೆಯಲು. ಎಪ್ಪತ್ನಾಲ್ಕರಲ್ಲಿ ಕಾರಿನ ವ್ಯಾಪಾರ ಬಿದ್ದುಹೋಗಿ ಕೆಲಸ ಹೋಯಿತು. ಪಕ್ಕದ ಟೇಬಲ್ಲಿನ ಮೈಸೂರಿನ ದ್ವಾರಕಾನಾಥ ಉಳಿದುಕೊಂಡರು.

"ನನಗಿಂತ ಎರಡು ವರ್ಷ ತಡಾ ಬಂದವ್ರು. ನನ್ನ ಡ್ರಾಯಿಂಗ್ ನೋಡಿ ಕಲ್ತವ್ರು. ಅವ್ರು ಒಳಗ, ನಾ ಹೊರಗ," ಎನ್ನುವಾಗ ದನಿ ಗಡುಸಾಗುತ್ತದೆ. ವರ್ಷವಿಡೀ ಎಲ್ಲೆಲ್ಲೋ ಅಪ್ಲೈ ಮಾಡಿ, ಕೊನೆಗೆ ದೋಣಿ ಬಾಡಿಗೆಗೆ ಕೊಡುವ ಈ ದೋಣಿಮನೆ ಸೇರಿದರು.

ದ್ವಾರಕಾನಾಥ ಇಲ್ಲಿಗೂ ಬಂದರು, ಪ್ರತಿ ಶನಿವಾರ, ಗಾಳ ಹಿಡಿದು. ಸಂಗನಬಸಪ್ಪ ಜಾಗ ಹೇಳುತ್ತಿದ್ದರು. ಎಪ್ಪತ್ತಾರರ ಏಪ್ರಿಲ್‌ನಲ್ಲಿ ದ್ವಾರಕಾನಾಥರಿಗೆ ಸುಮಾರು ಮೂರು ಪೌಂಡಿನ ಅಪರೂಪದ ಕ್ರಾಪಿ ಸಿಕ್ಕಿತು. ಸ್ಥಳೀಯ ವಾರಪತ್ರಿಕೆ ಅವರ ಫೋಟೋ ಹಾಕಿತು. ಕೆರೆಯ ಸ್ವಭಾವ ತಾನೇ ಗಮನಿಸಿ ಕಲಿತೆ ಎಂದು ಅವರು ಹೇಳಿಕೊಂಡಿದ್ದರು.

"ನನ್ನ ಹೆಸ್ರು ಒಂದಕ್ಷರ ಇಲ್ರೀ. ಹೊಟ್ಟ್ಯಾಗ ಬೆಂಕಿ ಬಿತ್ತು. ಆ ಪೇಪರ್ ಕಣ್ಣಿಗೆ ಬೀಳಬಾರದಂತ ಮರಿಮೀನಿನ ತೊಟ್ಟಿ ಕೆಳಗ ಹಾಸಿದೆ. ಆದ್ರ ದಿನಾ ಬಗ್ಗಿ ಬಗ್ಗಿ ನೋಡ್ತಿದ್ದೆ."

ಆ ಬೆಂಕಿ ಒಂದು ವರ್ಷ ಆರಲಿಲ್ಲ. ಕಳೆದ ವರ್ಷ ಏಪ್ರಿಲ್‌ನ ಒಂದು ಶನಿವಾರ ಮೀನು ಇದ್ದದ್ದು ಉತ್ತರದ ಮೂಲೆಯಲ್ಲಿ. ಎಲ್ಲರಿಗೂ ಅದನ್ನೇ ಹೇಳಿದ ಸಂಗನಬಸಪ್ಪ, ದ್ವಾರಕಾನಾಥರಿಗೆ ಮಾತ್ರ ದಕ್ಷಿಣದ ತುದಿ ತೋರಿಸಿದರು. ಎಂಟು ಗಂಟೆಗೆ ಉತ್ತರದಿಂದ ಗಾಳಿ ಎದ್ದಿತು. ಉತ್ತರ ದಡದ ದಿಬ್ಬದ ಮರೆಯಲ್ಲಿದ್ದ ದೋಣಿಗಳಿಗೆ ಏನೂ ಆಗಲಿಲ್ಲ. ದಕ್ಷಿಣದಲ್ಲಿ ಅಲೆ ದೋಣಿಯೊಳಕ್ಕೇ ನುಗ್ಗುತ್ತಿತ್ತು. ದಡದಿಂದ ದುರ್ಬೀನು ಹಿಡಿದು ನೋಡಿದರೆ, ದ್ವಾರಕಾನಾಥ ಟೋಪಿಯಿಂದ ನೀರು ಮೊಗೆದು ಹಾಕುತ್ತಿದ್ದಾರೆ. ಸಂಗನಬಸಪ್ಪ ಮಾಲೀಕರ ಮೋಟಾರು ದೋಣಿ ತೆಗೆದುಕೊಂಡು ಒಬ್ಬರೇ ಹೊರಟರು. ತಲುಪುವ ಹೊತ್ತಿಗೆ ಆ ದೋಣಿಯಲ್ಲಿ ಮೊಣಕಾಲುದ್ದ ನೀರು. ತೋಳು ಹಿಡಿದು ತಮ್ಮ ದೋಣಿಗೆ ಎಳೆದುಕೊಂಡರು.

"ತುಟಿ ನೀಲಿ ಆಗಿದ್ವು. ನನ್ನ ಕೈ ಬಿಡ್ಲೇ ಇಲ್ಲ. 'ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು' ಅಂದ್ರು. ಆ ಮಾತು ಕೇಳೂದು ಭಾಳ ಕಷ್ಟ ಆತ್ರೀ."

ಅಂದು ಸಂಜೆಯೇ ದ್ವಾರಕಾನಾಥರ ಮನೆಗೆ ಹೋಗಿ, ಬೇಕೆಂದೇ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡರು. ದ್ವಾರಕಾನಾಥರ ಹೆಂಡತಿ ಪದ್ಮ ಕೇಳಿದರಂತೆ: "ಅವರಿಗೆ ಈಜು ಬರಲ್ಲ ಅಂತ ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು ಅಂದೆ," ಎನ್ನುತ್ತಾರೆ ಸಂಗನಬಸಪ್ಪ.

ಆ ಸೀಸನ್ನಿನಲ್ಲಿ ದ್ವಾರಕಾನಾಥ ಮತ್ತೆ ಇತ್ತ ಸುಳಿಯಲಿಲ್ಲ. ಈ ವರ್ಷ ಬರುತ್ತಿದ್ದಾರೆ. ನಾನು ಹೋದ ದಿನವೂ ಇದ್ದರು. "ಕೋಪ ಇದೆ, ಇಲ್ಲ ಅನ್ನಲ್ಲ," ಎಂದರು ಲೈಫ್ ಜಾಕೆಟ್ ಬಿಗಿಯುತ್ತ. "ಆದ್ರೆ ಜಾಗ ಗೊತ್ತಿರೋದು ಇವರೊಬ್ಬರಿಗೇ. ಏನ್ ಮಾಡೋದು?"

ಸಂಗನಬಸಪ್ಪ ದ್ವಾರಕಾನಾಥರ ಮುಖ ನೋಡದೆ ಹೇಳಿದರು: "ಬಿದ್ದ ಮರದ ಬಲಕ್ಕ. ಹನ್ನೆರಡಡಿ. ಭಾಳ ಹೊತ್ತು ನಿಲ್ಲಬ್ಯಾಡ್ರಿ, ಹತ್ತಕ್ಕ ಗಾಳಿ ಏಳ್ತದ."

ಹತ್ತರೊಳಗೆ ದ್ವಾರಕಾನಾಥ ಹದಿನೇಳು ಮೀನು ಹಿಡಿದು ಮರಳಿದರು. ಸಂಗನಬಸಪ್ಪ ದೂರದಿಂದಲೇ ಎಣಿಸಿ ಮುಖ ತಿರುಗಿಸಿದರು.

"ಹೊಟ್ಟೆಕಿಚ್ಚು ಹೋಗಿಲ್ರೀ. ಸುಳ್ಳು ಯಾಕ ಹೇಳ್ಲಿ? ಆದ್ರ ಜಾಗಾ ಮಾತ್ರ ಇನ್ನ ಯಾರಿಗೂ ತಪ್ಪು ಹೇಳೂದಿಲ್ಲ."

ನಮ್ಮ ಪತ್ರಿಕೆಗೆ ಒಂದು ಫೋಟೋ ಬೇಕು ಎಂದೆ. ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡು, ತಲೆಗೂದಲು ಸರಿಮಾಡಿಕೊಂಡು ನೆಟ್ಟಗೆ ನಿಂತರು.

"ದೊಡ್ಡದ ಹಾಕ್ರಿ," ಎಂದರು. ಆಮೇಲೆ ಮೆಲ್ಲಗೆ ಕೇಳಿದರು: "ದ್ವಾರಕಾನಾಥ್ ಅವ್ರ ಮನೀಗೂ ಈ ಪೇಪರ್ ಬರ್ತದಲ್ರೀ?"