ಬೀಗಿತ್ತಿಗೆ ಮೊದಲು ಹೇಳಿದ ಕತೆ

ಹದಿನೈದು ದಿನವಿದ್ದು ಬರುತ್ತೇನೆಂದು ತಂಗಿಯ ಮನೆಗೆ ಹೋದ ಅಮ್ಮ ಎರಡು ತಿಂಗಳಾದರೂ ಹಿಂದಿರುಗುವ ಮಾತೆತ್ತಲಿಲ್ಲ. ಸಂಕ್ರಾಂತಿಗಾದರೂ ಬರುತ್ತಾಳೆಂದು ಎಳ್ಳು ಬೆಲ್ಲ ಮಾಡಿಟ್ಟುಕೊಂಡು ಕಾದೆ. ಬರಲಿಲ್ಲ. ಫೋನು ಮಾಡಿದಾಗಲೆಲ್ಲ ಅವಳ ಪಕ್ಕದಲ್ಲಿ ಯಾರೋ ಹೆಂಗಸು ಜೋರಾಗಿ ನಗುತ್ತಿರುವುದು ಕೇಳಿಸುತ್ತಿತ್ತು.

"ಯಾವಾಗ ಬರ್ತೀಯಮ್ಮ?" ಅಂದರೆ, "ಬತ್ತೀನಿ ಕಣವ್ವ, ಏನರ್ಜೆಂಟು? ನೀನು ಬೆಳಗಾದ್ರೆ ಬಸ್ಸತ್ತಿ ನಂಜನಗೂಡಿಗೆ ಓಯ್ತೀಯ. ನಾನಲ್ಲಿ ಗೋಡೆ ನೋಡ್ಕಂಡು ಕೂತಿರ್ಬೇಕಾ?" ಅನ್ನುತ್ತಿದ್ದಳು.

ಆ ಗೋಡೆಯ ಮಾತು ನನಗೆ ಚುಚ್ಚಿತು. ಅಪ್ಪ ತೀರಿಕೊಂಡಂದಿನಿಂದ ಅಮ್ಮ ಟಿ. ನರಸೀಪುರದಲ್ಲಿ ನನ್ನ ಮನೆಯಲ್ಲೇ ಇದ್ದಳು. ನಾನು ನಂಜನಗೂಡಿನ ಆಸ್ಪತ್ರೆಯೊಂದರಲ್ಲಿ ಔಷಧ ಕೊಡುವ ಕೆಲಸದಲ್ಲಿದ್ದೇನೆ. ಅಮ್ಮನ ಬಿಪಿ, ಮಂಡಿನೋವು, ಪಥ್ಯ, ಎಲ್ಲ ನನ್ನದೇ ಉಸ್ತುವಾರಿ. ಅವಳು ನನ್ನ ಮನೆಯಲ್ಲಿ ಒಂದು ದಿನವೂ ಹಾಗೆ ನಕ್ಕಿರಲಿಲ್ಲ.

"ಅತ್ತೆ ಖುಷಿಯಾಗಿದ್ರೆ ಇರ್ಲಿ ಬಿಡು, ನಿಂಗೇನು ಕಷ್ಟ?" ಎಂದರು ನನ್ನ ಯಜಮಾನರು. ನನಗಿದ್ದ ಕಷ್ಟವನ್ನು ಅವರಿಗೆ ಹೇಳುವುದು ಹೇಗೆ? ತಂಗಿಯ ಮೇಲೆ ಹೊಟ್ಟೆಯುರಿ ಎಂದರೆ ಯಾರಾದರೂ ನಕ್ಕಾರು.

ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ನಂಜನಗೂಡಿನ ಹತ್ತಿರದ ತಾಂಡ್ಯದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಕುಂದಾಪುರದ ಆಚೆಯ ಮೀನುಗಾರರ ಊರಿನ ಹುಡುಗನೊಬ್ಬ ಅಲ್ಲಿಗೆ ಮೆಷಿನ್ ರಿಪೇರಿಗೆ ಬಂದು ಸೇರಿದ್ದ. ಇಬ್ಬರೂ ಮೆಚ್ಚಿಕೊಂಡರು. ಅಮ್ಮ ವರ್ಷಗಟ್ಟಲೆ ತಂಗಿಯ ಹತ್ತಿರ ಮಾತು ಬಿಟ್ಟಳು. ಕಾಡಿ ಬೇಡಿ ಅಮ್ಮನನ್ನು ಮದುವೆಗೆ ಒಪ್ಪಿಸಿದವಳು ನಾನು. ಆಮೇಲೆ ತಂಗಿಯ ಗಂಡ ತನ್ನೂರಿಗೇ ಮರಳಿ ದೋಣಿಗಳ ಎಂಜಿನ್ ರಿಪೇರಿಗೆ ನಿಂತ. ತಂಗಿಯೂ ಹೋದಳು. ಆ ಮನೆಯ ಹೊಸಿಲು ತುಳಿಯುವುದಿಲ್ಲ ಎಂದಿದ್ದ ಅಮ್ಮನಿಗೆ ಈಗ ಅಲ್ಲಿಂದ ಕಾಲು ಕೀಳಲು ಮನಸ್ಸಿಲ್ಲ!

ರಜೆ ಹಾಕಿ, ಅಮ್ಮನನ್ನು ಕರೆದುಕೊಂಡೇ ಬರುತ್ತೇನೆಂದು ಹೊರಟೆ. ಬೆಳಿಗ್ಗೆ ಬಸ್ಸಿನಿಂದಿಳಿದು ಆಟೋದಲ್ಲಿ ಆ ಊರು ತಲುಪಿದಾಗ, ತಂಗಿಯ ಮನೆಯ ಜಗಲಿಯ ಮೇಲೆ ಇಬ್ಬರು ಮುದುಕಿಯರು ಕೂತಿದ್ದರು. ಒಬ್ಬಾಕೆ ಇನ್ನೊಬ್ಬಾಕೆಯ ತಲೆ ಬಾಚುತ್ತಿದ್ದರು. ಬಾಚಿಸಿಕೊಳ್ಳುತ್ತಿದ್ದವಳು ನೈಟಿ ತೊಟ್ಟಿದ್ದಳು. ಹತ್ತಿರ ಹೋದ ಮೇಲೆಯೇ ಅದು ಅಮ್ಮ ಎಂದು ತಿಳಿದದ್ದು. ನನ್ನ ಮನೆಯಲ್ಲಿ ಸೆಕೆಗಾಲದಲ್ಲೂ ಸೀರೆ ಬಿಟ್ಟು ಬೇರೆ ಉಡದವಳು!

"ಬನಿ, ಬನಿ, ಕೂಕಣಿ" ಎಂದು ಬಾಚಣಿಗೆ ಹಿಡಿದಿದ್ದಾಕೆ ಎದ್ದರು. ತಂಗಿಯ ಅತ್ತೆ, ಅಮ್ಮನ ಬೀಗಿತ್ತಿ. ವಯಸ್ಸಿನ ಕಾಲವೆಲ್ಲ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದ ಗಟ್ಟಿ ಹೆಂಗಸು. "ನಿಮ್ಮ ಅಮ್ಮ ಬಂದ್ ಮೇಲೆ ನಂಗೆ ಹೊತ್ತ್ ಹೋದ್ದೇ ಗೊತ್ತಾತಿಲ್ಲ ಕಾಣಿ!"

ಅಮ್ಮ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳೇನೋ ನಿಜ. ಆದರೆ ತಲೆಯನ್ನು ಮಾತ್ರ ಮತ್ತೆ ಬೀಗಿತ್ತಿಯ ಕಡೆಗೇ ತಿರುಗಿಸಿದಳು. "ಅಕ್ಕಯ್ಯ, ಒಸಿ ಬಿಗಿಯಾಗಿ ಎಣೀರಿ" ಅಂದಳು. ಅಕ್ಕಯ್ಯ ಎನ್ನುವುದನ್ನು ಆ ಊರಲ್ಲೇ ಕಲಿತಿದ್ದಳು.

ಮಧ್ಯಾಹ್ನ ಊಟಕ್ಕೆ ಬಂಗುಡೆ ಸಾರು. ನಾನು ಮಾಡಿದ ಸಾರಿನಲ್ಲಿ ಉಪ್ಪು ಜಾಸ್ತಿ, ಹುಳಿ ಜಾಸ್ತಿ ಎಂದು ತಟ್ಟೆ ಸರಿಸುತ್ತಿದ್ದವಳು ಅಲ್ಲಿ ಕೇಳಿ ಕೇಳಿ ಹಾಕಿಸಿಕೊಂಡಳು. ತಂಗಿ ನನ್ನ ಮುಖ ನೋಡಿ, "ಯಾಕಕ್ಕ, ಮೀನು ಹಿಡಿಸ್ಲಿಲ್ವಾ?" ಅಂದಳು.

"ಚೆನ್ನಾಗಿದೆ" ಎಂದೆ. ಚೆನ್ನಾಗಿಯೇ ಇತ್ತು. ಅದೂ ಒಂದು ಸಂಕಟವೇ ಆಗಿತ್ತು.

ಬಿಸಿಲಿಳಿದ ಮೇಲೆ ಬೀಗಿತ್ತಿ ನಮ್ಮನ್ನು ಊರು ತೋರಿಸಲು ಕರೆದುಕೊಂಡು ಹೋದರು. ಸಣ್ಣ ಊರು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ಪಟ್ಟಿಯ ಮೇಲೆ ಹೆಂಚಿನ ಮನೆಗಳು, ತೆಂಗಿನ ಮರಗಳು, ಒಣಗಲು ಹರಡಿದ ಬಲೆಗಳು. ಕಡಲು ಕೊರೆಯದಂತೆ ದಡದುದ್ದಕ್ಕೂ ದೊಡ್ಡ ಕರಿಕಲ್ಲುಗಳನ್ನು ಒಟ್ಟಿದ್ದಾರೆ. ಅದರ ಮೇಲೆ ನಿಂತು ಬೀಗಿತ್ತಿ ನೀರಿನ ಕಡೆಗೆ ಕೈ ತೋರಿಸಿದರು.

"ಅಲ್ಲ್ ಕಾಣಿ, ಆ ತೆರೆ ಒಡೀತಾ ಇತ್ತಲ್ದಾ, ಅಲ್ಲೇ ನನ್ನ ಅಜ್ಜಿ ಮನಿ ಇದ್ದದ್ದ್. ಅದರಾಚೆ ದೇವಸ್ಥಾನ. ಈಗ ಎಲ್ಲ ಕಡಲು."

ಈಗಿರುವುದು ಮೂರನೆಯ ಊರಂತೆ. ಮೊದಲಿನ ಎರಡನ್ನೂ ಕಡಲು ತೆಗೆದುಕೊಂಡಿತ್ತು. ಪ್ರತಿ ಸಲವೂ ಜನ ದೇವರನ್ನು ಹೊತ್ತುಕೊಂಡು ಒಳಕ್ಕೆ ಸರಿದು ಮನೆ ಕಟ್ಟಿದರು. ಯಾರ ಮನೆಯ ಪಕ್ಕ ಯಾರ ಮನೆ ಇತ್ತೋ ಹೊಸ ಊರಲ್ಲೂ ಹಾಗೆಯೇ ಕಟ್ಟಿಕೊಂಡರು. ಅವರ ಅಜ್ಜಿಯ ಕಾಲದಲ್ಲಿ ಹೊಳೆಯ ಬಾಯಿಗೆ ಹಾಯಿಕಟ್ಟಿದ ಮಂಜಿಗಳು, ಅಂದರೆ ಸರಕಿನ ದೊಡ್ಡ ದೋಣಿಗಳು ಬಂದು ಹೆಂಚು ತುಂಬಿಕೊಂಡು ಹೋಗುತ್ತಿದ್ದವು. ಅವರು ಹುಡುಗಿಯಾಗಿದ್ದಾಗ ರಂಪಣಿ ಇತ್ತು. ಅದು ದಡದಿಂದ ಎಳೆಯುವ ಉದ್ದದ ಬಲೆ.

"ಬಲಿ ಎಳೂಕೆ ಊರಿಗ್ ಊರೇ ಬತ್ತಿತ್ತ್. ಗಂಡ ಸತ್ತವ್ಳಿಗೂ ಪಾಲು, ಕಾಲಿಲ್ದವ್ನಿಗೂ ಪಾಲು. ದೊಡ್ಡ ಬೋಟು ಬಂದ್ ಮೇಲೆ ಅದೆಲ್ಲ ಹೋಯ್ತ್."

ಹೇಳುತ್ತ ಹೇಳುತ್ತ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, ಇವನ ಅಜ್ಜ ಇಂಥ ಬಲೆಗೆ ಯಜಮಾನ, ಇವಳ ತಾಯಿ ಇಂಥ ಗಾಳಿಮಳೆಯಲ್ಲಿ ಹುಟ್ಟಿದವಳು ಎಂದು ಪರಿಚಯಿಸಿದರು. ಊರೇ ನೀರಿಗೆ ಹೋಗಿದ್ದರೂ ಇವರಿಗೆ ಎಲ್ಲವೂ ನೆನಪಿದೆ. ನಾನು ಹುಟ್ಟಿ ಬೆಳೆದ ಸೋಸಲೆ ಎಲ್ಲಿತ್ತೋ ಅಲ್ಲೇ ಇದೆ. ಮಠ, ಕಾವೇರಿ, ಗದ್ದೆ ಬಯಲು, ಯಾವುದೂ ಅಲುಗಿಲ್ಲ. ನನಗೆ ಅಜ್ಜನ ಹೆಸರಿನಿಂದ ಹಿಂದಕ್ಕೆ ಗೊತ್ತಿಲ್ಲ. ತಂಗಿ ಆ ಕತೆಗಳಿಗೆಲ್ಲ ತಲೆಯಾಡಿಸುತ್ತ, "ಅತ್ತೆ, ಆ ಬಾವಿ ವಿಷ್ಯ ಹೇಳಿ" ಎಂದು ನೆನಪಿಸುತ್ತ ಬರುತ್ತಿದ್ದಳು. ನನ್ನ ಬೆನ್ನ ಮೇಲೆ ಬೆಳೆದ ಹುಡುಗಿ ಈಗ ಆ ಊರಿನವಳು. ನಾನೊಬ್ಬಳೇ ಹೊರಗಿನವಳು ಅನ್ನಿಸಿತು.

ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ ಬಂದೆವು. ನೀರು ತಣ್ಣಗೆ ನಿಂತಂತಿತ್ತು. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ ಹೇಳಿದಳು: "ಸುಳಿ ಇರೋ ಕಡೆ ನೀರು ಇಂಗೇ ಸುಮ್ಗಿರ್ತದೆ. ನಾನೇಳಿರ್ನಿಲ್ವಾ ಅಕ್ಕಯ್ಯ?"

"ಹೌದು ಮಾರಾಯ್ತಿ. ನಿನ್ನ ಅಪ್ಪಯ್ಯ ಹೇಳಿಕೊಟ್ಟದ್ದಲ್ದಾ?"

"ಯಾರು ಹೇಳಿಕೊಟ್ಟಿದ್ದು? ಏನು?" ಅಂದೆ.

ಬೀಗಿತ್ತಿ ಆಶ್ಚರ್ಯದಿಂದ ನನ್ನನ್ನು ನೋಡಿದರು. "ನಿಮ್ಮ ಅಮ್ಮ ಹರಗೋಲು ನಡೆಸ್ತಿದ್ದದ್ದ್ ನಿಮ್ಗ್ ಗೊತ್ತಿಲ್ದಾ?"

ಗೊತ್ತಿರಲಿಲ್ಲ. ಅಮ್ಮನ ತವರು ಸೋಸಲೆಯ ಎದುರು ದಡದ ಹಳ್ಳಿ. ತಾತ ಸಣ್ಣ ರೈತ ಎಂಬುದಷ್ಟೇ ನನಗೆ ತಿಳಿದಿತ್ತು. ತಾತ ಹೊಲದ ಜೊತೆಗೆ ಹೊಳೆ ದಾಟಿಸುವ ಹರಿಗೋಲನ್ನೂ ಇಟ್ಟುಕೊಂಡಿದ್ದನಂತೆ. ಆತ ಜ್ವರ ಬಂದು ಮಲಗಿದ ವರ್ಷ, ಇನ್ನೂ ಲಂಗ ಉಡುವ ಹುಡುಗಿ ಅಮ್ಮ ಆ ಬಿದಿರಿನ ಗುಂಡು ದೋಣಿಗೆ ಹುಟ್ಟು ಹಾಕುತ್ತ ಜನರನ್ನು, ರಾಗಿ ಮೂಟೆಗಳನ್ನು, ಕರುಗಳನ್ನು ಆಚೆ ದಡಕ್ಕೆ ಮುಟ್ಟಿಸಿದ್ದಳಂತೆ. ಇದನ್ನೆಲ್ಲ ನನಗೆ ಹೇಳಿದವರು ಕಡಲ ದಡದ ಈ ಮುದುಕಿ.

"ನಿಂಗೊತ್ತಿತ್ತಾ?" ಎಂದು ತಂಗಿಯನ್ನು ಕೇಳಿದೆ.

"ಹೂಂ ಅಕ್ಕ. ಇಲ್ಲಿಗೆ ಬಂದ ವಾರಕ್ಕೇ ಅತ್ತೆಗೆ ಹೇಳ್ತಿತ್ತಲ್ಲ ಅಮ್ಮ. ನಿಂಗೂ ಗೊತ್ತಿರತ್ತೆ ಅಂದ್ಕೊಂಡೆ."

ಅಷ್ಟರಲ್ಲಿ ತಂಗಿಯ ಗಂಡ ಸಣ್ಣ ದೋಣಿಯೊಂದನ್ನು ದಡಕ್ಕೆ ತಂದ. ಅಮ್ಮ ನೈಟಿಯ ಮೇಲೆ ಹೊದ್ದಿದ್ದ ಟವೆಲ್ಲನ್ನು ಸೊಂಟಕ್ಕೆ ಬಿಗಿದು, ಅವನ ಭುಜ ಹಿಡಿದು ಹತ್ತಿಯೇ ಬಿಟ್ಟಳು. ನನ್ನ ಮನೆಯ ಮೆಟ್ಟಿಲಿಗೆ ಹೆದರುತ್ತಿದ್ದ ಮಂಡಿ! ಬೀಗಿತ್ತಿಯೂ ಹತ್ತಿದರು, ತಂಗಿಯೂ ಹತ್ತಿದಳು. ನನಗೆ ನೀರೆಂದರೆ ಭಯ. ಹೊಳೆ ದಡದ ಊರಲ್ಲಿ ಹುಟ್ಟಿದರೂ ಮೊಣಕಾಲಿಗಿಂತ ಆಳಕ್ಕೆ ಇಳಿದವಳಲ್ಲ. ನಾನು ದಡದಲ್ಲೇ ಉಳಿದೆ.

ನಡುಹೊಳೆಯಲ್ಲಿ ಅಮ್ಮ ಅಳಿಯನ ಕೈಯಿಂದ ಹುಟ್ಟು ಇಸಿದುಕೊಂಡಳು. ಹರಿಗೋಲಿನ ರೂಢಿ ಆ ಉದ್ದನೆಯ ದೋಣಿಗೆ ಹೊಂದುವುದಿಲ್ಲ. ದೋಣಿ ಒಂದು ಸುತ್ತು ತಿರುಗಿತು, ಎಲ್ಲರೂ ಕೂಗಿದರು. ಆಮೇಲೆ ಅವಳ ಕೈಗೆ ಅದರ ಹದ ಸಿಕ್ಕಿತು. ಬೆನ್ನು ನೆಟ್ಟಗೆ ಮಾಡಿಕೊಂಡು ಹುಟ್ಟು ಹಾಕುತ್ತ ದೂರ ಹೋದಳು. ಬೀಗಿತ್ತಿ ಚಪ್ಪಾಳೆ ತಟ್ಟುತ್ತಿದ್ದರು. ಅಮ್ಮನನ್ನು ಹಾಗೆ ನಾನು ಕಂಡೇ ಇರಲಿಲ್ಲ. ಅದು ನೋಡಲು ಎಷ್ಟು ಚೆಂದವಿತ್ತೋ ನನ್ನ ಹೊಟ್ಟೆಯಲ್ಲಿ ಅಷ್ಟೇ ಬೆಂಕಿ. ಆ ದೋಣಿಯಲ್ಲಿ ಎಲ್ಲರಿಗೂ ಜಾಗವಿತ್ತು.

ಮನೆಗೆ ಬಂದ ಮೇಲೆ ಅಮ್ಮ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಾಗ ಹೋಗಿ ನಿಂತೆ. ನನ್ನ ದನಿ ನನಗೇ ಗೊತ್ತಿಲ್ಲದೆ ಏರಿತು.

"ಇಷ್ಟು ವರ್ಷ ನನ್ನ ಮನೇಲಿದ್ದೆ. ನಂಗ್ಯಾಕಮ್ಮ ಹೇಳ್ಲಿಲ್ಲ? ಯಾರೋ ಹೊರಗಿನೋರಿಗೆ ಹೇಳ್ದೆ!"

ಅಮ್ಮ ಚೊಂಬು ಕೆಳಗಿಟ್ಟಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ತನ್ನ ಮದುವೆಯ ದಿನದಿಂದ ಸುರು ಮಾಡಿದಳು.

ತವರಿನಿಂದ ಗಂಡನ ಮನೆಗೆ ಹರಿಗೋಲಿನಲ್ಲೇ ದಾಟಿದ್ದು. ತಾತನೇ ಹುಟ್ಟು ಹಾಕುತ್ತಿದ್ದ. ಜ್ವರದಿಂದ ಎದ್ದ ಮೈ, ನಡುನೀರಲ್ಲಿ ಸೋತ. ಸೆಳವು ಕೆಳಕ್ಕೆ ಎಳೆಯಿತು. ಮದುಮಗಳಾಗಿದ್ದ ಅಮ್ಮ ಬಾಸಿಂಗ ಬಿಚ್ಚಿ ಗಂಡನ ಕೈಗೆ ಕೊಟ್ಟು, ತಾನೇ ಹುಟ್ಟು ಹಿಡಿದು ದಡ ಸೇರಿಸಿದಳು. ದಡದ ಮೇಲೆ ಬೀಗರೆಲ್ಲ ನಿಂತು ನೋಡುತ್ತಿದ್ದರು. ಎಲ್ಲರೂ ಬದುಕಿದರಲ್ಲ ಎಂದು ಯಾರೂ ಅನ್ನಲಿಲ್ಲ.

"ನಿಮ್ಮವ್ವ ಅವತ್ತೇ ಒಳಿಕ್ ಕರ್ದು ಏಳುದ್ರು," ಎಂದಳು ಅಮ್ಮ. "'ಅರಗೋಲ್ನೋನ ಮಗ್ಳು ಅನ್ನುಸ್ಕಬ್ಯಾಡ. ಇನ್ನು ಆ ಮಾತು ಈ ಮನೇಲಿ ಬರಕೂಡ್ದು' ಅಂತ. ನಾನು ಆಡ್ನಿಲ್ಲ."

ಅವ್ವ ಎಂದರೆ ಅಪ್ಪನ ತಾಯಿ. ನಾನು ಹುಟ್ಟಿದಾಗಿನಿಂದ ಅವರ ಮಗ್ಗುಲಲ್ಲೇ ಮಲಗಿದವಳು. ಅವರ ಕೈತುತ್ತು ತಿಂದು ಬೆಳೆದೆ.

"ಅವ್ವ ಹೋಗಿ ಎಷ್ಟೋ ಕಾಲ ಆಯ್ತಲ್ಲಮ್ಮ. ಆಮೇಲಾದ್ರೂ ಹೇಳ್ಬಹುದಿತ್ತು."

"ನಿಂಗೆಂಗೇಳ್ಲಿ? ನೀನು ಅವ್ರ ಮಗ್ಳು." ಅಮ್ಮ ನನ್ನ ಮುಖ ನೋಡಲಿಲ್ಲ. "ಎತ್ತೋಳು ನಾನು, ಅವ್ವ ಅಂತ ಕರ್ದಿದ್ದು ಅವ್ರುನ್ನ. ರಾತ್ರಿ ಜ್ವರ ಬಂದ್ರೂ ಅವ್ರುನ್ನೇ ಕೂಗ್ತಿದ್ದೆ ನೀನು. ನಾನು ಪಕ್ಕದಲ್ಲೇ ಕೂತಿರ್ತಿದ್ದೆ. ಎಷ್ಟ್ ಒಟ್ಟೆ ಉರ್ಕಂಡಿದೀನಿ ಗೊತ್ತಾ ನಿಂಗೆ? ಚಿಕ್ಕೋಳು ಉಟ್ಟುದ್ ಮ್ಯಾಲೆ, ಇವ್ಳುನ್ನ ಮಾತ್ರ ಬುಡಾಕಿಲ್ಲ ಅಂತ ಸೆರಗಲ್ಲೇ ಕಟ್ಕಂಡು ಸಾಕ್ದೆ."

ಎಲ್ಲಿಯೋ ಒಳಗೆ ನನಗೆ ಇದು ಗೊತ್ತಿತ್ತೇ ಎಂದು ಈಗಲೂ ಯೋಚಿಸುತ್ತೇನೆ. ಅವತ್ತು ಮಾತ್ರ ಅಮ್ಮನ ಪಕ್ಕದಲ್ಲಿ ಆ ಒದ್ದೆ ಕಲ್ಲಿನ ಮೇಲೆ ಕೂತೆ. ಅವಳು ತನ್ನ ಟವೆಲ್ಲಿನ ತುದಿಯಿಂದ ನನ್ನ ಕೈ ಮೇಲೆ ಚಿಮ್ಮಿದ್ದ ನೀರನ್ನು ಒರೆಸಿದಳು. ಒಳಗಿನಿಂದ ಬೀಗಿತ್ತಿ ಚಾ ಕುಡಿಯಲು ಕರೆದರು. ಅಮ್ಮ ಕೂಡಲೇ ಎದ್ದಳು.

ಅಮ್ಮ ನನ್ನ ಜೊತೆ ಹೊರಡಲಿಲ್ಲ. "ಮಳೆಗಾಲಕ್ ಮುಂಚೆ ಬತ್ತೀನಿ" ಅಂದಳು. ತಂದಿದ್ದ ಮಾತ್ರೆಗಳನ್ನು ತಂಗಿಯ ಕೈಗೆ ಕೊಟ್ಟು, ಯಾವುದು ಬೆಳಿಗ್ಗೆ, ಯಾವುದು ಸಂಜೆ ಎಂದು ಹೇಳಿದೆ. ತಂಗಿ ಅವನ್ನು ತನ್ನ ಅತ್ತೆಗೆ ಕೊಟ್ಟಳು. ಅಮ್ಮನ ಮಾತ್ರೆಯೂ ಬೀಗಿತ್ತಿಯ ಪಾಲಾಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಘಾಟಿ ಹತ್ತುವವರೆಗೂ ಅಳುತ್ತಿದ್ದೆ.

ಹೇಳಿದಂತೆ ಅಮ್ಮ ಮೇ ಕೊನೆಯಲ್ಲಿ ಬಂದಳು. ಒಂದು ಭಾನುವಾರ ನಾನೇ, "ಸಂಗಮಕ್ಕೆ ಹೋಗಿ ಬರೋಣ ಬಾಮ್ಮ" ಅಂದೆ. ಕಪಿಲೆ ಬಂದು ಕಾವೇರಿಗೆ ಸೇರುವ ಆ ಜಾಗ ನಮ್ಮ ಮನೆಯಿಂದ ದೂರವಿಲ್ಲ. ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಹರಿಗೋಲುಗಳು ದಡದಲ್ಲಿದ್ದವು. ಈಗ ಅವಕ್ಕೆ ಕೆಳಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿದಿರುತ್ತಾರೆ. ಅಮ್ಮ ಬಗ್ಗಿ ಅದರ ಅಂಚನ್ನು ಸವರಿದಳು. "ನಮ್ಮಪ್ಪ ತೊಗಲು ಒದ್ಸೋರು" ಅಂದಳು.

ನಾನು ಕಣ್ಣು ಮುಚ್ಚಿಕೊಂಡು ಹತ್ತಿದೆ. ಹರಿಗೋಲು ವಾಲಿದಾಗ ಅಮ್ಮನ ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಎದ್ರುಕಬ್ಯಾಡ ಮಗ, ನಾನಿಲ್ವಾ" ಎಂದಳು. ಆ ಮಾತಿಗೆ ನನ್ನ ವಯಸ್ಸನ್ನೆಲ್ಲ ಮರೆತು ಅವಳಿಗೆ ಒತ್ತಿಕೊಂಡು ಕೂತೆ. ಅವಳು ಎದುರು ದಡದ ಮರಗಳನ್ನು ತೋರಿಸುತ್ತ, ಎಲ್ಲಿ ಹತ್ತಿಸುತ್ತಿದ್ದರು, ಎಲ್ಲಿ ಇಳಿಸುತ್ತಿದ್ದರು, ಯಾವ ಕಲ್ಲಿಗೆ ಹಗ್ಗ ಕಟ್ಟುತ್ತಿದ್ದರು ಎಂದು ತನ್ನೂರಿನ ಹೊಳೆಯ ಕತೆ ಹೇಳತೊಡಗಿದಳು. ನನಗೊಬ್ಬಳಿಗೇ ಹೇಳುತ್ತಿದ್ದಳು.

ನಡುನೀರಿಗೆ ಬಂದಾಗ ತಟ್ಟನೆ ಮಾತು ನಿಲ್ಲಿಸಿ, "ನಿನ್ ಫೋನ್ ಕೊಡು, ಅಕ್ಕಯ್ಯಂಗೆ ಒಳೆ ತೋರುಸ್ತೀನಿ" ಅಂದಳು.

ವಿಡಿಯೋ ಕಾಲ್ ಹಚ್ಚಿದೆ. ಆ ಕಡೆಯಿಂದ ಬೀಗಿತ್ತಿಯ ನಗು ಕೇಳಿಸಿತು. ಫೋನನ್ನು ನಾನು ಸ್ವಲ್ಪ ನನ್ನ ಕಡೆಗೂ ಸೇರುವಂತೆ ಹಿಡಿದಿದ್ದೆ.

"ನಿನ್ನ ಮೊಕ ಅವ್ರು ನೋಡಿಲ್ವಾ? ಒಸಿ ಅತ್ಲಾಗ್ ತಿರುಗ್ಸವ್ವ," ಎಂದಳು ಅಮ್ಮ, "ನೀರ್ ಕಾಣ್ಲಿ."

ತಿರುಗಿಸಿದೆ.