ಝುಮಕಿಗಿಟ್ಟ ಕಾಡಿಗೆ ಬೊಟ್ಟು

ಮಕ್ಕಳೇ, ಸಾಸಿವೆ ಕಾಳಿನಷ್ಟು ಕಾಡಿಗೆ ಫೋನಿನ ಚಿತ್ರದಲ್ಲಿ ಉದ್ದಿನ ಕಾಳಿನಷ್ಟು ಕಾಣುತ್ತದೆ. ಹಳ್ಳಿ ಶಾಲೆಯಲ್ಲಿ ಐದನೇ ತರಗತಿವರೆಗೆ ಓದಿದ ನನಗೆ ಯಾವ ಮೇಷ್ಟರೂ ಹೇಳಿಕೊಡದ ಈ ವಿದ್ಯೆಯನ್ನು ಕಲಿಸಿದ್ದು ನಿಮ್ಮ ಅಮ್ಮನ ಝುಮಕಿಗಳು.

ರಾಯದುರ್ಗದಲ್ಲಿ ಜೀನ್ಸ್ ಹೊಲಿದೂ ಹೊಲಿದೂ ಸೊಂಟ ಸೋತ ಮೇಲೆ ಅವಳು ಮನೆಯಲ್ಲೇ ರೇಷ್ಮೆ ದಾರ ಸುತ್ತಿ ಝುಮಕಿ ಮಾಡತೊಡಗಿದಳು. ಅವು ಫೋನಿನಲ್ಲಿ ಮಾರಾಟವಾಗದಿದ್ದರೆ, ಬೇಸಿಗೆ ಮುಗಿಯುವಷ್ಟರಲ್ಲಿ ನಿಮ್ಮಿಬ್ಬರನ್ನೂ ಕರೆದುಕೊಂಡು, ನಿಮ್ಮ ಅಪ್ಪ ಇಸ್ತ್ರಿ ಮಾಡುತ್ತಿದ್ದ ಬೆಂಗಳೂರಿನ ಗಾರ್ಮೆಂಟ್ಸಿಗೇ ಹೋಗುವುದೆಂದು ನಿಶ್ಚಯವಾಗಿತ್ತು. ಅಲ್ಲಿ ಅವನಿದ್ದ ಒಂದೇ ಕೋಣೆಯಲ್ಲಿ ನನಗೆ ಜಾಗವಿರಲಿಲ್ಲ. ಒಬ್ಬಳಿಗೇ ರೊಟ್ಟಿ ತಟ್ಟುವುದನ್ನು ನೆನೆದರೆ ಕೈ ಹಿಟ್ಟಿನಲ್ಲೇ ನಿಂತುಬಿಡುತ್ತಿತ್ತು.

ಒಂದು ಬೆಳಗ್ಗೆ ಅವಳು ಕವುಚಿದ ಮೊರದ ಮೇಲೆ ನಿಮ್ಮ ತಾತನ ಬಿಳಿ ಪಂಚೆ ಹಾಸಿ, ಝುಮಕಿಗಳನ್ನು ಜೋಡಿಸಿಟ್ಟು, ಬಾಗಿಲಿಗೆ ಬಿಸಿಲು ಬರುವಷ್ಟರಲ್ಲಿ ನೀರು ತಂದುಬಿಡೋಣವೆಂದು ಹೋದಳು. ಊರೂರಿನವರು ನೋಡುವ ವಸ್ತು, ಕಣ್ಣು ಬಿದ್ದರೆ ಗತಿಯೇನು? ಕೂಸಿನ ಕೆನ್ನೆಗಿಡುವಂತೆ ಒಂದೊಂದರ ಅಂಚಿಗೂ ಕಾಡಿಗೆ ಬೊಟ್ಟಿಟ್ಟೆ. ಅವಸರದಲ್ಲಿ ಅವಳು ಅದನ್ನು ಗಮನಿಸದೆ ಚಿತ್ರ ತೆಗೆದು ಕೊಳ್ಳುವವರಿಗೆ ಕಳಿಸಿಬಿಟ್ಟಳು.

ಮಧ್ಯಾಹ್ನ ಫೋನು ಹಿಡಿದೇ ಬಂದಳು. "ಅತ್ತಿ, ಝುಮಕಿ ಮ್ಯಾಲ ಕಲೆ ಐತಿ, ಹಳೇ ಮಾಲು ಅಂತ ಅನ್ನಾಕತ್ತಾರ್ರಿ. ಏನಿದು ಕರ್ರಗ?"

"ದೃಷ್ಟಿ ಬೊಟ್ಟವ್ವ."

"ಝುಮಕಿಗೇನ್ರಿ?" ನಗಲು ಹೋದವಳ ಕಣ್ಣು ತುಂಬಿತು. ಒರೆಸಿದಷ್ಟೂ ಕಾಡಿಗೆ ದಾರದೊಳಗೆ ಇಳಿಯಿತು. ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಒಂದೇ ಕೆಂಪು ಜೋಡಿ. "ಇದನ್ನೂ ಪಂಚಿ ಮ್ಯಾಲಿಟ್ರ ಕಳೆ ಬರಂಗಿಲ್ಲ. ಒಂದು ಕಿವಿ ಬೇಕ್ರಿ."

ಫೋನು ಹಿಡಿಯುವವಳು ಅವಳಾದ್ದರಿಂದ ಮನೆಯಲ್ಲಿ ಉಳಿದಿದ್ದ ದೊಡ್ಡವರ ಕಿವಿ ನನ್ನದೇ. ನಿಮ್ಮ ತಾತ ತೀರಿಹೋದಂದಿನಿಂದ ಅದರಲ್ಲಿ ಓಲೆಯ ಬದಲು ಬೇವಿನ ಕಡ್ಡಿಯಿತ್ತು. ಮದುವೆಯ ಫೋಟೋದಲ್ಲೂ ತಲೆ ತಗ್ಗಿಸಿ ಬರೀ ಬೈತಲೆ ತೋರಿಸಿದವಳು ನಾನು.

"ಫೋಟೋದಾಗ ಮಾರಿ ಬರಬಾರದು ನೋಡವ್ವ."

"ಕಿವಿ ಒಂದೇ ರೀ. ಅಲುಗಾಡಬ್ಯಾಡ್ರಿ."

ಕಡ್ಡಿ ತೆಗೆದಳು, ಝುಮಕಿ ಇಳಿಬಿಟ್ಟಳು. ಚಿತ್ರದಲ್ಲಿ ಬಿಳಿಗೂದಲ ಪಕ್ಕದ ಆ ಕೆಂಪು, ನನ್ನ ಕಿವಿಯೆಂದು ನನಗೇ ಗುರುತಾಗದಷ್ಟು ಚೆಂದವಾಗಿ ಬಂತು. ಯಾವುದೋ ಊರಿನವರು ತಮ್ಮ ಅಜ್ಜಿಗೂ ಅಂಥದ್ದೇ ಬೇಕೆಂದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಶಾಲೆ ತೆರೆದಾಗ ನೀವು ಇಲ್ಲಿಯ ಬೆಂಚಿನ ಮೇಲೇ ಕೂತಿರಿ.

ಈಗಲೂ ಚಿತ್ರ ತೆಗೆಯುವ ಮೊದಲು ನಿಮ್ಮ ಅಮ್ಮ ಬೆರಳ ತುದಿಗೆ ಕಾಡಿಗೆ ತಗೊಂಡು, "ದೃಷ್ಟಿ ಆಗೋದು ಝುಮಕಿಗಲ್ರಿ, ನಿಮಗ," ಎಂದು ನನ್ನ ಕಿವಿಯ ಹಿಂದೆ ಹಚ್ಚುತ್ತಾಳೆ. ಸಾಸಿವೆ ಕಾಳಿನಷ್ಟೇ. ಅದು ಫೋನಿಗೆ ಕಾಣುವುದಿಲ್ಲ.